ತಗ್ಗಿನ ಮನಿ

ಹುಣಸಿಗಿಡದ ಓಣಿಯಲ್ಲಿ ಈಗ ಹುಣಸೆಗಿಡ ಇಲ್ಲ. ರಾಯಚೂರಿನ ಅಕ್ಕಿ ಗಿರಣಿಗಳ ಬೆನ್ನಿಗೆ ಅಂಟಿಕೊಂಡು ಶುರುವಾಗುವ ಆ ಓಣಿ ರೈಲು ಹಳಿಯ ಕಡೆಗೆ ಇಳಿಯುತ್ತ ಹೋಗುತ್ತದೆ. ಮೇಲೆ ನಿಂತು ಒಂದು ಕೊಡ ನೀರು ಚೆಲ್ಲಿದರೆ ಅದು ಎಲ್ಲರ ಬಾಗಿಲನ್ನೂ ದಾಟಿಕೊಂಡು ಕೆಳಗಿನ ಕೊನೆಯ ಮನೆಯ ಮುಂದೆ ಹೋಗಿ ನಿಲ್ಲಬೇಕು, ಅಂಥ ಇಳಿಜಾರು. ಗಿರಣಿಯಲ್ಲಿ ಸುಟ್ಟ ಹೊಟ್ಟಿನ ಬೂದಿ ಹಗಲೆಲ್ಲ ಹಾರಿ ಬಂದು ಒಣಹಾಕಿದ ಬಟ್ಟೆ, ತೆರೆದಿಟ್ಟ ಅನ್ನ, ಮಲಗಿದ ಕೂಸಿನ ರೆಪ್ಪೆ ಎಲ್ಲದರ ಮೇಲೂ ಕೂರುತ್ತದೆ. ಓಣಿಯ ಮೇಲಿನ ಅರ್ಧದಲ್ಲಿ ದೇವದುರ್ಗದ ಕಡೆಯಿಂದ ದುಡಿಯಲು ಬಂದು ಇಲ್ಲೇ ಉಳಿದವರ ಮನೆಗಳು. ಕೆಳಗಿನ ಅರ್ಧ ಮುಸಲ್ಮಾನರದು. ಹಣ್ಣಿನ ಬಂಡಿ, ಹಳೆ ಕಬ್ಬಿಣ, ಗಾದಿ ಹೊಲಿಯುವುದು, ಹೀಗೆ ಅವರವರ ಕಸುಬು ಅವರವರಿಗೆ. ಇವೆರಡರ ನಡುವೆ ಗದ್ದೆಮ್ಮನ ಮನೆ.

ಗದ್ದೆಮ್ಮ ಮದುವೆಯಾಗಿ ದೇವದುರ್ಗದ ಹತ್ತಿರದ ಹಳ್ಳಿಯಿಂದ ಇಲ್ಲಿಗೆ ಬಂದಾಗ ಗಂಡ ಹಂಪಯ್ಯ ಗಿರಣಿಯಲ್ಲಿ ಹಮಾಲಿ ಮಾಡುತ್ತಿದ್ದ. ಈಗಲೂ ಅದನ್ನೇ ಮಾಡುತ್ತಾನೆ. ಅವಳು ಗೌಂಡಿಗಳ ಕೈಕೆಳಗೆ ಬುಟ್ಟಿ ಹೊತ್ತು ಹೊತ್ತು, ಊರಿನ ಅರ್ಧ ಹೊಸ ಮನೆಗಳ ಸ್ಲ್ಯಾಬಿಗೆ ಕಾಂಕ್ರೀಟು ಏರಿಸಿದವಳು. ಮಕ್ಕಳಾಗಲಿಲ್ಲ. ಮಾತು ಒರಟು, ಆದರೆ ಒಮ್ಮೆ ಆಡಿದರೆ ತಿರುಗಿಸುವವಳಲ್ಲ ಅಂತ ಓಣಿಯಲ್ಲಿ ಹೆಸರಿತ್ತು. ಆ ಹೆಸರೇ ಅವಳನ್ನು ಈ ಕಥೆಯೊಳಗೆ ಎಳೆಯಿತು.

ಶುರುವಾದದ್ದು ಮಾರೆಪ್ಪನ ಮಗಳು ರಾಧಾಳಿಂದ. ಮಾರೆಪ್ಪ ಆಟೋ ಓಡಿಸುವವನು, ಓಣಿಯ ಮೇಲಿನ ತುದಿಯಲ್ಲಿ ಅವನ ಮನೆ. ಆಗ ಓಣಿಯ ಯಾರ ಮನೆಯಲ್ಲೂ ಸಂಡಾಸ ಇರಲಿಲ್ಲ. ಹೆಂಗಸರು ಮುಂಜಾನೆ ಕತ್ತಲಿರುವಾಗ ಒಮ್ಮೆ, ಹೊತ್ತು ಮುಳುಗಿದ ಮೇಲೆ ಒಮ್ಮೆ ಚರಗಿ ಹಿಡಿದು ಹಳಿಯ ಕಡೆ ಹೋಗುತ್ತಿದ್ದರು. ಒಂದು ಸಂಜೆ ಒಬ್ಬಳೇ ಹೋಗಿದ್ದ ರಾಧಾಳ ಮೇಲೆ ಬೈಕಿನಲ್ಲಿ ಬಂದ ಇಬ್ಬರು ದೀಪ ಬಿಟ್ಟು ನಕ್ಕು, ಕೆಳಗಿಳಿದು ಅವಳ ಓಢಣಿಗೆ ಕೈ ಹಾಕಿದರು. ಹುಡುಗಿ ಕೊಸರಿಕೊಂಡು ಓಡಿ, ಹಳಿಯ ಜಲ್ಲಿಯ ಮೇಲೆ ಬಿದ್ದು, ಹುಬ್ಬು ಒಡೆದುಕೊಂಡು ಮನೆಗೆ ಬಂದಳು. ಮರುದಿನದಿಂದ ಕಾಲೇಜು ನಿಂತಿತು. ಮನೆಯಲ್ಲಿ ಅನ್ನ ನೀರು ಕಡಿಮೆ ಮಾಡಿಬಿಟ್ಟಳು, ಹೊರಗೆ ಹೋಗುವ ಕೆಲಸವೇ ಬರಬಾರದು ಅಂತ. ಮಾರೆಪ್ಪ ಆಟೋದಲ್ಲಿ ಕೂತು ಅಳುವುದನ್ನು ಗದ್ದೆಮ್ಮ ಕಣ್ಣಾರೆ ಕಂಡಳು.

ಅದೇ ವಾರ ಗದ್ದೆಮ್ಮನ ಮನೆಯ ಮುಂದೆ ಓಣಿ ಸೇರಿತು. ಕೊಳೆಗೇರಿಗಳಲ್ಲಿ ಕೆಲಸ ಮಾಡುವ ಒಂದು ಸಂಸ್ಥೆಯಿಂದ ಅನ್ನಪೂರ್ಣ ಎಂಬ ಹುಡುಗಿ ಬಂದಿದ್ದಳು. ಮನೆಗೊಂದು ಸಂಡಾಸ ಕಟ್ಟಲು ಸಹಾಯ ಸಿಗುತ್ತದೆ, ಆದರೆ ಓಣಿಯಲ್ಲಿ ಕೊಳವೆಯೇ ಇಲ್ಲದೆ ಸಂಡಾಸ ಕಟ್ಟಿ ಏನು ಮಾಡುತ್ತೀರಿ ಅಂತ ಅವಳೇ ಕೇಳಿದಳು. ಕೊಳವೆ, ಸಿಮೆಂಟು ಸಂಸ್ಥೆ ಕೊಡುತ್ತದೆ, ಅಗೆಯುವುದು ಹೂಳುವುದು ಓಣಿಯವರು, ಹಳಿಯ ಪಕ್ಕದ ದೊಡ್ಡ ರಸ್ತೆಯ ಆಚೆ ಇರುವ ಊರಿನ ಮುಖ್ಯ ಕೊಳವೆಗೆ ಕೂಡಿಸುವುದು ನಗರಸಭೆ ಕಚೇರಿಯವರು, ಹೀಗೆ ಮಾತಾಯಿತು. ಓಣಿ ಇಕ್ಕಟ್ಟು. ಕೊಳವೆ ಹೂಳಬೇಕಾದರೆ ಪ್ರತಿ ಮನೆಯೂ ಮುಂದಿನ ಜಾಗ ಸ್ವಲ್ಪ ಬಿಟ್ಟುಕೊಡಬೇಕು. ಎಲ್ಲರಿಗಿಂತ ಹೆಚ್ಚು ಬಿಡಬೇಕಾದದ್ದು ತಗ್ಗಿನ ಕೊನೆಯ ಮನೆ, ಇಮಾಮ್ ಬೀಯದು.

ಇಮಾಮ್ ಬೀ ಅರವತ್ತು ದಾಟಿದ ವಿಧವೆ. ಗಂಡ ಹತ್ತಿ ಹಿಂಜುವವನಾಗಿದ್ದ. ಆ ಮನೆಯಲ್ಲಿ ಮೊದಲಿನಿಂದಲೂ ಆಡುವುದು ಕನ್ನಡವೇ. ಅವನು ಕೂತು ಹತ್ತಿ ಹಿಂಜುತ್ತಿದ್ದ ಕಟ್ಟೆ ಬಾಗಿಲ ಮುಂದೆ ಇತ್ತು, ಅವನು ಸತ್ತ ಮೇಲೂ ಅವಳು ಅದನ್ನು ದಿನಾ ಸಾರಿಸುತ್ತಿದ್ದಳು. ಗಂಡನನ್ನು ಬಿಟ್ಟು ಬಂದ ಮಗಳು ಜಾಹೆದಾ ಪೇಟೆಯ ಒಂದು ಅಂಗಡಿಯಲ್ಲಿ ಸೀರೆಗೆ ಫಾಲ್ ಹೊಲಿಯಲು ಹೋಗುತ್ತಿದ್ದಳು. ಮಣ್ಣಿನ ಗೋಡೆ, ತಗಡಿನ ಮಾಡು, ಒಂದು ಹೊಲಿಗೆ ಮಿಷನ್ನು, ಇಬ್ಬರೇ ಇಬ್ಬರು.

ಕಟ್ಟೆ ಒಡೆಯಬೇಕು, ಜೊತೆಗೆ ಕಚೇರಿಯವರು ಮುಖ್ಯ ಕೊಳವೆಗೆ ಕೂಡಿಸುವತನಕ ನೀರು ನಿಲ್ಲಲು ಗುಂಡಿಯೂ ಅವಳ ಗೋಡೆಯ ಪಕ್ಕದಲ್ಲೇ ತೋಡಬೇಕು. ಕೇಳಲು ಹೋದವಳು ಗದ್ದೆಮ್ಮ.

"ಕಟ್ಟಿ ಹೋದ್ರ ಹೋಗ್ಲಿ," ಅಂದಳು ಇಮಾಮ್ ಬೀ. "ಹೆಣ್ಣುಮಕ್ಕಳ ಮಾನ ಉಳೀಲಿ. ಆದ್ರ ಗುಂಡಿ ನನ್ನ ಗೋಡಿ ಬಲ್ಲಿ ಬರ್ತದ, ಗದ್ದೆಮ್ಮ. ಎಷ್ಟು ದಿನ ಇರ್ತದ?"

"ಮಳಿಗಾಲ ಬರೋದ್ರಾಗ ಕೂಡಸ್ತಾರ ಯವ್ವಾ. ನಾ ಹೇಳಾಕತ್ತೀನಿ."

ಇಮಾಮ್ ಬೀ ಇನ್ನೇನೂ ಕೇಳಲಿಲ್ಲ. ಗದ್ದೆಮ್ಮ ಹೇಳಿದ್ದೇ ಅವಳಿಗೆ ಸಾಕಾಯಿತು.

ರಾಯಚೂರಿನ ಬೇಸಿಗೆಯಲ್ಲಿ ನೆಲ ಅಗೆಯುವುದೆಂದರೆ ಆಟವಲ್ಲ. ಒಂದು ಮೊಳ ಮಣ್ಣು, ಅದರ ಕೆಳಗೆ ಬರೀ ಬಂಡೆ. ದುಡಿದು ಬಂದ ಗಂಡಸರು ಸಂಜೆ ಹಾರೆ ಹಿಡಿದರು, ಹೆಂಗಸರು ಬುಟ್ಟಿ ಹೊತ್ತರು. ಮೇಲಿನವರ ಬಂಡೆಯನ್ನು ಕೆಳಗಿನವರು ಒಡೆದರು, ಕೆಳಗಿನವರ ಮಣ್ಣನ್ನು ಮೇಲಿನವರು ಎತ್ತಿದರು. ಹಣ್ಣಿನ ಬಂಡಿಯ ಅಬ್ದುಲ್ ವಹೀದನ ಹೆಂಡತಿ ಗುಲ್ಶನ್ ಬೇಗಂ ಎಲ್ಲರಿಗೂ ಚಹಾ ಕಾಸಿ ಕೊಟ್ಟಳು. ಹಂಪಯ್ಯನ ಹೆಬ್ಬೆರಳಿನ ಉಗುರು ಸುತ್ತಿಗೆಯ ಏಟಿಗೆ ಹಾರಿಹೋಯಿತು, ಅವನು ಅದನ್ನು ಎಲ್ಲರಿಗೂ ತೋರಿಸಿ ನಕ್ಕ. ಅಷ್ಟು ವರ್ಷ ಒಂದೇ ಓಣಿಯಲ್ಲಿದ್ದರೂ ಓಣಿಯವರು ಹಾಗೆ ಒಟ್ಟಿಗೆ ಕೂತು ನಕ್ಕದ್ದನ್ನು ಗದ್ದೆಮ್ಮ ಅದೇ ಮೊದಲು ನೋಡಿದ್ದು. ಕೊಳವೆ ಬಿತ್ತು, ಅಲ್ಲಲ್ಲಿ ಚೇಂಬರ್ ಕಟ್ಟಿದರು, ಮನೆಮನೆಗೆ ಸಂಡಾಸ ಎದ್ದಿತು, ಓಣಿಗೊಂದು ನಳವೂ ಬಂತು. ರಾಧಾ ಮತ್ತೆ ಕಾಲೇಜಿಗೆ ಹೊರಟಳು. ಅವಳು ಚೀಲ ಹೆಗಲಿಗೆ ಹಾಕಿಕೊಂಡು ಮನೆಯ ಮುಂದೆ ಹಾದುಹೋದ ದಿನ ಗದ್ದೆಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಅವಳು ತಿರುವಿನಲ್ಲಿ ಮರೆಯಾಗುವತನಕ ನೋಡಿದಳು.

ಕೂಡಿಸುವ ಕೆಲಸ ಮಾತ್ರ ಆಗಲಿಲ್ಲ. ರಸ್ತೆ ಈಗ ತಾನೇ ಡಾಂಬರು ಕಂಡಿದೆ, ಅಗೆಯಲು ಬಿಡುವುದಿಲ್ಲ ಅಂತ ರಸ್ತೆಯವರು. ರಸ್ತೆಯವರು ಒಪ್ಪದೆ ನಾವು ಕೈ ಹಾಕುವುದಿಲ್ಲ ಅಂತ ಚರಂಡಿಯವರು. ಗದ್ದೆಮ್ಮ, ಮಾರೆಪ್ಪ, ಗುಲ್ಶನ್ ಕೆಲಸ ಬಿಟ್ಟು ಅಲೆದರು. ಒಂದು ಬಾಗಿಲಲ್ಲಿ ಸಾಹೇಬರು ಇರಲಿಲ್ಲ, ಇನ್ನೊಂದು ಬಾಗಿಲಲ್ಲಿ ಸಾಹೇಬರು ಬದಲಾಗಿದ್ದರು. ಅನ್ನಪೂರ್ಣ ತನ್ನ ಕೈಲಾದಷ್ಟು ಓಡಾಡಿದಳು, ಆಮೇಲೆ ಸಂಸ್ಥೆಯವರು ಅವಳನ್ನು ಬೇರೆ ಊರಿಗೆ ಹಾಕಿದರು. ಗುಂಡಿ ತುಂಬಿತು. ಹೊಲಸು ಹೀರುವ ಗಾಡಿ ಓಣಿಯ ಒಳಗೆ ಬರಲಾಗದೆ ಉದ್ದ ಪೈಪು ಎಳೆದುಕೊಂಡು ಕೆಲವು ಸಲ ಹೀರಿತು, ಆಮೇಲೆ ಅದೂ ಬರುವುದು ನಿಂತಿತು. ಮಳೆಗಾಲ ಬಂತು.

ಇಮಾಮ್ ಬೀ ದೂರಲಿಲ್ಲ. ಅವಳು ಮೇಲೆ ಬಂದು ಗದ್ದೆಮ್ಮನ ಬಾಗಿಲಲ್ಲಿ ಎಲೆಅಡಿಕೆ ಹಾಕಿಕೊಂಡು ಹೋಗುವುದನ್ನು ಬಿಟ್ಟಳು, ಅಷ್ಟೇ. ಯಾಕೆ ಅಂತ ಗದ್ದೆಮ್ಮನಿಗೆ ಹೊಳೆಯಲಿಲ್ಲ. ಒಂದು ಭಾನುವಾರ ಜಾಹೆದಾ ಬಂದು ಬಾಗಿಲ ಹೊರಗೇ ನಿಂತಳು. ಒಳಗೆ ಬಾ ಅಂದರೆ ಬರಲಿಲ್ಲ, ತನ್ನ ಕಾಲು ಹೊಲಸಾಗಿದೆ ಅಂದಳು. ಗದ್ದೆಮ್ಮ ಅವಳ ಹಿಂದೆಯೇ ಇಳಿದು ಹೋದಳು.

ಮನೆಯೊಳಗೆ ಮಂಚದ ಕಾಲುಗಳ ಕೆಳಗೆ ಇಟ್ಟಿಗೆ ಪೇರಿಸಿದ್ದರು. ಹೊಸ ಸಂಡಾಸದ ಬೇಸಿನ್ ಮೇಲೆ ಫರ್ಸಿ ಕಲ್ಲು ಮುಚ್ಚಿ, ಕಲ್ಲಿನ ಮೇಲೆ ಒರಳು ಹೇರಿದ್ದರು. ಆದರೂ ಸಂದಿಯಿಂದ ಕಪ್ಪು ನೀರು ಉಕ್ಕಿ ನೆಲದ ಮೇಲೆ ಹರಡಿತ್ತು. ಇಡೀ ಓಣಿಯ ಹೊಲಸು ಆ ಒಂದು ಬೇಸಿನ್ನಿನಿಂದ ಮೇಲೆ ಬರುತ್ತಿತ್ತು. ಇಮಾಮ್ ಬೀ ಮಂಚದ ಮೇಲೆ ಕಾಲು ಮಡಚಿ ಕೂತು ಅಕ್ಕಿ ಆರಿಸುತ್ತಿದ್ದಳು. ಗದ್ದೆಮ್ಮ ಗುಂಡಿಯ ಕಡೆಯ ಗೋಡೆಗೆ ಅಂಗೈ ಇಟ್ಟಳು. ಸೊಂಟದ ಮಟ್ಟಕ್ಕೆ ತೇವ ಏರಿತ್ತು. ಬೆರಳು ಒತ್ತಿದರೆ ಮಣ್ಣು ನೆನೆದ ಬೆಲ್ಲದ ಹಾಗೆ ಕಿತ್ತು ಬಂತು.

ಇಬ್ಬರೂ ಎದ್ದು ನಮ್ಮ ಮನೆಗೆ ಬನ್ನಿ, ಕೂಡಿಸುವತನಕ ಅಲ್ಲೇ ಇರಿ ಅಂತ ಗದ್ದೆಮ್ಮ ಎಷ್ಟು ಹೇಳಿದರೂ ಇಮಾಮ್ ಬೀ ಕೇಳಲಿಲ್ಲ. ಇಂಥ ಓಣಿಗಳಲ್ಲಿ ಬೀಗ ಹಾಕಿದ ಮನೆಯ ಗತಿ ಏನಾಗುತ್ತದೆ ಅನ್ನುವುದು ಅವಳಿಗೆ ಗೊತ್ತಿತ್ತು.

"ನಾ ಎದ್ದು ಹೋದ್ರ ಮನಿ ಹೋಗ್ತದ," ಅಂದಳು. "ಮನಿ ಹೋದ್ರ ಈ ಹುಡುಗಿ ಎಲ್ಲಿ ಇರ್ಬೇಕು? ಕೂಡಸ್ತಾರಂತ ನೀ ಹೇಳಿದಿಯಲ್ಲ. ನೋಡೂಣು."

ಅಂದು ಸಂಜೆ ಗದ್ದೆಮ್ಮ ಓಣಿಯನ್ನು ಮತ್ತೆ ಕೂಡಿಸಿದಳು. ಕಂಡದ್ದನ್ನು ಕಂಡ ಹಾಗೆ ಹೇಳಿದಳು. ಕಚೇರಿಯವರು ಕೂಡಿಸುವತನಕ ಎಲ್ಲರೂ ಸಂಡಾಸ ಬಳಸುವುದನ್ನು ನಿಲ್ಲಿಸೋಣ, ಹೆಂಗಸರು ಗುಂಪಾಗಿ ಹೋಗೋಣ, ಸರದಿಯ ಮೇಲೆ ಗಂಡಸರು ಕಾವಲಿರಲಿ ಅಂದಳು. ಕೆಳಗಿನವರು ಒಪ್ಪಿದರು. ಅವರಿಗೂ ವಾಸನೆ ಬಾಗಿಲಿಗೆ ಬಂದಿತ್ತು. ಮೇಲಿನವರು ನೆಲ ನೋಡಿದರು. ಕೊನೆಗೆ ಮಾರೆಪ್ಪ ಎದ್ದು ನಿಂತ.

"ಗದ್ದೆಮ್ಮ, ಆ ಮುದುಕಿ ಬಗ್ಗೆ ನನಗೂ ಸಂಕಟ ಅದ. ಆದ್ರ ನನ್ನ ಮಗಳನ್ನ ಮತ್ತ ಹಳಿ ಕಡಿ ಕಳಿಸು ಅಂತೀಯೇನು? ನೀ ಅಂದ್ಬಿಡು, ಕಳಸ್ತೀನಿ."

ಸಭೆ ಹಾಗೆಯೇ ಚದುರಿತು.

ಮರುದಿನ ಅವಳು ಕೆಲಸಕ್ಕೆ ಹೋಗಲಿಲ್ಲ. ತನ್ನ ಮನೆಯ ಕೆಳಬದಿಯ ಚೇಂಬರಿನ ಮುಚ್ಚಳ ತೆಗೆದು, ಹಳೆ ಸೀರೆಗಳನ್ನು ಗೋಣಿಚೀಲದಲ್ಲಿ ತುರುಕಿ, ಅದನ್ನು ಕೊಳವೆಯ ಬಾಯಿಗೆ ಜಡಿದು, ಮೇಲೆ ಗಾರೆ ಮೆತ್ತಿದಳು. ಅವಳ ಮನೆಯ ಕೊಳವೆ ಬಂದು ಸೇರುವುದು ಅದೇ ಚೇಂಬರಿಗೆ. ಹಾಗಾಗಿ ಅವಳದೂ ಬಂದ್, ಮೇಲಿನ ಎಲ್ಲರದೂ ಬಂದ್. ಹಾಡುಹಗಲಲ್ಲಿ, ಎಲ್ಲರೂ ನೋಡುತ್ತಿರುವಾಗಲೇ ಮಾಡಿದಳು. ಹಂಪಯ್ಯ ಮಧ್ಯಾಹ್ನ ಊಟಕ್ಕೆ ಬಂದವನು ಗಾರೆ ಹತ್ತಿದ ಅವಳ ಕೈ ನೋಡಿ, ಇನ್ನು ಮೇಲೆ ನಾವು ಈ ಓಣಿಯಲ್ಲಿ ಯಾರಿಗೂ ಬೇಡದವರಾದೆವು ಅಂದ. ಅಂದು, ಚರಗಿ ತುಂಬಿಕೊಂಡು ತಾನೂ ಹಳಿಯ ಕಡೆ ಹೋದ.

ಅವನು ಅಂದದ್ದು ಸುಳ್ಳಾಗಲಿಲ್ಲ. ನಳದ ಬಳಿ ಗದ್ದೆಮ್ಮ ಹೋದರೆ ಮಾತು ನಿಲ್ಲುತ್ತಿತ್ತು. ಅವಳ ಗುಂಪಿನ ಹೆಣ್ಣಾಳುಗಳು ಬೇರೆಯವರ ಜೊತೆ ಕೆಲಸಕ್ಕೆ ಹೋಗತೊಡಗಿದರು. ಮೇಲಿನವರು ಕೆಳಗಿನವರು ಎಂಬ ಮಾತು ಅದುವರೆಗೆ ಬರೀ ಇಳಿಜಾರಿನ ಮಾತಾಗಿತ್ತು. ಈಗ ಅದು ನಮ್ಮವರು, ಅವರು ಎಂದಾಯಿತು. ಗದ್ದೆಮ್ಮ ಅವರ ಕಡೆಗೆ ಹೋದಳು ಅಂತ ಯಾರೋ ಅಂದರು. ಬಂಡೆ ಒಡೆಯುವಾಗ ಇಲ್ಲದ ಈ ಮಾತು ಎಲ್ಲಿಂದ ಎದ್ದಿತೋ ಏನೋ, ಒಂದು ಸಲ ಎದ್ದದ್ದು ಮಲಗಲಿಲ್ಲ. ರಾಧಾಳಿಗೆ ಜ್ವರ ಹಿಡಿಯಿತು. ತಾಯಿ ಮಗಳನ್ನು ರಟ್ಟೆ ಹಿಡಿದು ಹಳಿಯ ಕಡೆ ನಡೆಸಿಕೊಂಡು ಹೋಗುವುದನ್ನು ಗದ್ದೆಮ್ಮ ಬಾಗಿಲ ಸಂದಿಯಿಂದ ನೋಡಿದಳು. ಆ ಸಂಜೆ ಅವಳು ಗಾರೆ ಒಡೆಯಲು ಎರಡು ಸಲ ಹಾರೆ ಕೈಗೆ ತೆಗೆದುಕೊಂಡು ಎರಡು ಸಲವೂ ಇಟ್ಟಳು. ತಗ್ಗಿನ ಮನೆಯಲ್ಲಿ ನೆಲ ಒಣಗುತ್ತಿತ್ತು. ಇಮಾಮ್ ಬೀ ಮಂಚದ ಕೆಳಗಿನ ಇಟ್ಟಿಗೆ ತೆಗೆದಿದ್ದಳು. ಗೋಡೆ ಒಣಗಲು ಇನ್ನೂ ದಿನ ಬೇಕಿತ್ತು.

ಅಷ್ಟರಲ್ಲಿ ದೇವದುರ್ಗದಿಂದ ತಂಗಿ ತಿಮ್ಮವ್ವ ಹೇಳಿಕಳಿಸಿದಳು. ಬಸುರಿ ಮಗಳ ಕುಬಸ, ದೊಡ್ಡವ್ವ ಇಲ್ಲದೆ ಮಾಡುವುದಿಲ್ಲ ಅಂತ. ಹೋಗಲೋ ಬೇಡವೋ ಅಂತ ಗದ್ದೆಮ್ಮ ಬಹಳ ಯೋಚಿಸಿದಳು. ಹಸಿರು ಸೀರೆ, ಬಳೆ ಚೀಲಕ್ಕೆ ಹಾಕಿಕೊಂಡು ಮುಂಜಾನೆಯ ಬಸ್ಸು ಹತ್ತಿದಳು.

ಅಂದು ಮಧ್ಯಾಹ್ನ ದೇವದುರ್ಗದಲ್ಲಿ ಮೋಡ ಕಟ್ಟಿ ಮಳೆ ಸುರಿಯಿತು. ಬಸುರಿ ಹುಡುಗಿಗೆ ಬಳೆ ಏರಿಸುವ ಹೊತ್ತು. ಹೆಂಗಸರು ಆರತಿ ಎತ್ತುತ್ತಿದ್ದಾಗ ಗದ್ದೆಮ್ಮನ ಫೋನು ಬಡಿದುಕೊಂಡಿತು. ಗುಲ್ಶನ್.

"ಗದ್ದೆಮ್ಮಾ, ಬಾ. ಗೋಡಿ ಬಿತ್ತು."

ಯಾವ ಗೋಡೆ ಅಂತ ಗದ್ದೆಮ್ಮ ಕೇಳಲಿಲ್ಲ. ಇಮಾಮ್ ಬೀ ಎಲ್ಲಿದ್ದಾಳೆ ಅಂತ ಕೇಳಿದಳು. "ಬಾ ನೀ," ಅಂತ ಗುಲ್ಶನ್ ಇನ್ನೊಮ್ಮೆ ಅಂದು ಫೋನು ಇಟ್ಟಳು.

ಬಸ್ಸಿನಲ್ಲಿ ಗದ್ದೆಮ್ಮ ಕಿಟಕಿಯ ಕಂಬಿ ಹಿಡಿದು ಕೂತಳು. ಕೈಗೆ ಹಚ್ಚಿದ ಅರಿಶಿನ ಕಂಬಿಗೆ ಹತ್ತಿತು. ಪಕ್ಕದ ಹೆಂಗಸು ಯಾವೂರು, ಏನು ಕಾರ್ಯ ಅಂತ ಕೇಳಿದರೆ, ಕುಬಸ ಅಂದಳು.

ಓಣಿಗೆ ಬಂದಾಗ ಇನ್ನೂ ಬೆಳಕಿತ್ತು. ಗುಲ್ಶನ್ ಅವಳನ್ನು ತಿರುವಿನಲ್ಲೇ ತಡೆದು ನಡೆದದ್ದನ್ನು ಹೇಳಿದಳು. ಮುಂಜಾನೆ ಮೇಲಿನ ಮನೆಗಳ ಬಚ್ಚಲ ನೀರು ಕಟ್ಟಿಕೊಂಡು ಚೇಂಬರ್ ಉಕ್ಕಿ ಅಂಗಳಕ್ಕೆ ಬಂದಿತ್ತು. ರಾಧಾಳ ಜ್ವರ ಏರಿ ಹುಡುಗಿ ನಿಲ್ಲಲೂ ಆಗದ ಹಾಗಿದ್ದಳು. ಮಾರೆಪ್ಪ ಇನ್ನಿಬ್ಬರನ್ನು ಕರೆದುಕೊಂಡು ಬಂದು, ಯಾರ ಜೊತೆಗೂ ಮಾತಾಡದೆ, ಹಾರೆಯಿಂದ ಗಾರೆ ಒಡೆದು ಚೀಲ ಎಳೆದು ಹಾಕಿದ. ಗುಲ್ಶನ್ ಅಡ್ಡ ನಿಂತು ಗದ್ದೆಮ್ಮ ಬರಲಿ ಅಂದಳು, ಅವರು ಕೇಳಲಿಲ್ಲ. ಮೇಲೆ ಕಟ್ಟಿನಿಂತ ಹೊಲಸೆಲ್ಲ ಒಮ್ಮೆಲೇ ಇಳಿಯಿತು. ಅದರ ಬೆನ್ನಿಗೆ ಮಳೆ. ಜಾಹೆದಾ ಅಂಗಡಿಗೆ ಹೋಗಿದ್ದಳು. ಇಮಾಮ್ ಬೀ ಒಬ್ಬಳೇ ತಗಡಿನ ಡಬ್ಬಿ ಹಿಡಿದು ನೀರು ಹೊರಗೆ ಎತ್ತಿಹಾಕುತ್ತಿದ್ದಳು. ಬಾ, ನಮ್ಮ ಮನೆಗೆ ಬಾ ಅಂತ ಗುಲ್ಶನ್ ಕೂಗಿದಾಗ, ಮಗಳ ಹೊಲಿಗೆ ಮಿಷನ್ನು ಮಂಚದ ಮೇಲೆ ಇಟ್ಟು ಬರುತ್ತೇನೆ ಅಂದಳು. ಮಿಷನ್ನು ಎತ್ತಿ ಇಟ್ಟಳು. ತಿರುಗಿ ಬಾಗಿಲ ಕಡೆ ಹೆಜ್ಜೆ ಹಾಕುವಾಗ ಗುಂಡಿಯ ಕಡೆಯ ಗೋಡೆ ಕೂತುಬಿಟ್ಟಿತು. ದೊಡ್ಡ ಸದ್ದೇನೂ ಆಗಲಿಲ್ಲವಂತೆ. ಮುದ್ದೆ ಬಿದ್ದ ಹಾಗೆ ಬಿತ್ತು ಅಂದಳು ಗುಲ್ಶನ್.

ಮೊದಲು ಓಡಿ ಬಂದು ಬರಿಗೈಯಲ್ಲಿ ಮಣ್ಣು ತೆಗೆದವನು ಮಾರೆಪ್ಪನೇ. ಮುದುಕಿಯನ್ನು ಎತ್ತಿ ಆಟೋದಲ್ಲಿ ಹಾಕಿಕೊಂಡು ಹೋದವನೂ ಅವನೇ. ಆಸ್ಪತ್ರೆಯ ಬಾಗಿಲಲ್ಲೇ ಡಾಕ್ಟರು ತಲೆಯಾಡಿಸಿದ್ದರು. ಗದ್ದೆಮ್ಮ ಕೆಳಗೆ ಇಳಿದಾಗ ಅವನು ಗಟಾರದ ಅಂಚಿನಲ್ಲಿ ಎದೆಯ ಮಟ್ಟಕ್ಕೆ ಕೆಸರಾಗಿ ಕೂತಿದ್ದ. ಬೆರಳುಗಳ ಉಗುರಿನಿಂದ ರಕ್ತ ಬರುತ್ತಿತ್ತು. ಅವನು ತಲೆ ಎತ್ತಿ ಅವಳನ್ನು ನೋಡಿದ. ಬೈಯುತ್ತಾಳೆ ಅಂತ ಕಾದಿದ್ದನೇನೋ. ಗದ್ದೆಮ್ಮ ಬೈಯಲಿಲ್ಲ. ಬೈಯಲು ಬಾಯಿ ತೆರೆದರೆ ಚೀಲ ಜಡಿದವರು ಯಾರು ಅಂತ ತನ್ನನ್ನು ತಾನೇ ಕೇಳಿಕೊಳ್ಳಬೇಕಿತ್ತು. ನೀರು ಕಟ್ಟಿ ನಿಲ್ಲಿಸಿದವಳು ಅವಳು, ಬಿಟ್ಟವನು ಅವನು. ಮಳಿಗಾಲ ಬರೋದ್ರಾಗ ಅಂತ ಮಾತು ಕೊಟ್ಟವಳು ಅವಳು.

ಮರುದಿನ ಮಣ್ಣು ಮಾಡಿದರು. ಮೇಲಿನ ಓಣಿಯ ಗಂಡಸರೂ ಹೋದರು, ಕಬರಸ್ತಾನದ ಗೋಡೆಯ ಹೊರಗೆ ನಿಂತು ಬಂದರು. ಜಾಹೆದಾ ಅಳಲಿಲ್ಲ. ಪೋತ್ನಾಳದಿಂದ ಅವಳ ಚಿಕ್ಕಮ್ಮ ಬಂದು ಕರೆದುಕೊಂಡು ಹೋಗುವಾಗ ಹೊಲಿಗೆ ಮಿಷನ್ನಿನ ತಲೆಯನ್ನು ಮಾತ್ರ ಬಟ್ಟೆಯಲ್ಲಿ ಕಟ್ಟಿಕೊಂಡಳು. ಗದ್ದೆಮ್ಮನ ಬಾಗಿಲ ಮುಂದೆ ಹಾದುಹೋದಳು, ತಿರುಗಿ ನೋಡಲಿಲ್ಲ.

ಆಮೇಲೆ ಎಲ್ಲವೂ ಬೇಗ ಬೇಗ ಆಯಿತು. ಪತ್ರಿಕೆಯವರು ಬಂದರು, ಅವರ ಹಿಂದೆ ಸಾಹೇಬರು ಬಂದರು, ಬಿದ್ದ ಗೋಡೆಯ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಅಗೆಯಲು ಬಾರದು ಅಂದಿದ್ದ ರಸ್ತೆಯನ್ನು ಅದೇ ವಾರ ಅಗೆದರು. ಮುಖ್ಯ ಕೊಳವೆಯಿಂದ ಓಣಿಯ ಕೆಳಗಿನ ಬಾಯಿಯವರೆಗೆ ಪೈಪು ಬಂದು ನಿಂತಿತು. ಇನ್ನು ಉಳಿದದ್ದು ಒಂದು ದೊಡ್ಡ ಚೇಂಬರ್. ಅದು ಇಮಾಮ್ ಬೀಯ ಮನೆ ಇದ್ದ ಜಾಗದಲ್ಲಿ ಬಂದರೆ ಪೈಪು ನೆಟ್ಟಗೆ ಹೋಗುತ್ತದೆ, ಪಕ್ಕಕ್ಕೆ ತಿರುಗಿಸಿದರೆ ತಿರುವಿನಲ್ಲಿ ಆಗಾಗ ಕಟ್ಟಿಕೊಳ್ಳುತ್ತದೆ ಅಂತ ಇಂಜಿನಿಯರು ಹೇಳಿದ. ಮನೆ ಹೇಗೂ ಇಲ್ಲ, ಜಾಹೆದಾ ಒಬ್ಬಳು, ಅವಳು ಚಿಕ್ಕಮ್ಮನ ಬಳಿ ಇದ್ದಾಳೆ, ಜಾಗ ಓಣಿಗೆ ಬಿಟ್ಟುಕೊಡಲಿ ಅಂತ ಓಣಿ ಮಾತಾಡಿಕೊಂಡಿತು. ಕೆಳಗಿನವರಲ್ಲೂ ಕೆಲವರು ಹೂಂಗುಟ್ಟಿದರು. ಯಾರು ಕೇಳಬೇಕು ಅಂದಾಗ ಎಲ್ಲರ ಕಣ್ಣೂ ಗದ್ದೆಮ್ಮನ ಕಡೆ ತಿರುಗಿತು. ಅಷ್ಟು ದಿನ ಅವಳನ್ನು ಮಾತಾಡಿಸದಿದ್ದವರೇ, ನೀನು ಹೇಳಿದರೆ ಕೇಳುತ್ತಾಳೆ ಅಂದರು.

ಗದ್ದೆಮ್ಮ ಮಾನ್ವಿಯಲ್ಲಿ ಬಸ್ಸು ಬದಲಿಸಿ ಪೋತ್ನಾಳಕ್ಕೆ ಹೋದಳು. ಕಾಲುವೆ ನೀರಿಗೆ ಸುತ್ತಲೂ ಭತ್ತ ಹಸಿರಾಗಿತ್ತು. ಚಿಕ್ಕಮ್ಮನದು ರಸ್ತೆಗೆ ಹತ್ತಿದ ಸಣ್ಣ ಬಳೆ ಅಂಗಡಿ, ಹಿಂದೆ ಒಂದೇ ಕೋಣೆ. ಜಾಹೆದಾ ಮಿಷನ್ನಿಗೆ ಹೊಸ ಮೇಜು ಹಾಕಿಸಿಕೊಂಡು ಹೊಲಿಯುತ್ತಿದ್ದಳು. ಗದ್ದೆಮ್ಮನನ್ನು ನೋಡಿ ಎದ್ದು ಚಾಪೆ ಹಾಸಿದಳು, ನೀರು ಕೊಟ್ಟಳು, ಮತ್ತೆ ಹೋಗಿ ಮಿಷನ್ನಿನ ಮುಂದೆ ಕೂತಳು. ಗದ್ದೆಮ್ಮ ಸುತ್ತಿ ಬಳಸಿ ಆಡಲಿಲ್ಲ.

"ಓಣ್ಯಾವ್ರು ನನ್ನ ಕಳಿಸ್ಯಾರ. ನಿಮ್ಮ ಜಾಗದಾಗ ಚೇಂಬರ್ ಕಟ್ಟಬೇಕಂತ. ಕೇಳ್ಕೊಂಡು ಬಾ ಅಂದ್ರು, ಬಂದೀನಿ."

ಜಾಹೆದಾ ಸೀರೆಯ ಅಂಚನ್ನು ಸೂಜಿಯ ಕೆಳಗೆ ಸರಿಮಾಡಿದಳು. "ನೀ ಏನಂತಿ?"

"ಕೊಡಬ್ಯಾಡ ಅಂತೀನಿ."

ಮಿಷನ್ನು ಒಂದು ಅಂಚು ಪೂರ್ತಿ ಓಡಿ ನಿಂತಿತು. ಗದ್ದೆಮ್ಮನಿಗೆ ತಡೆಯಲಾಗಲಿಲ್ಲ. ತಾನು ಆ ದಿನ ಊರಿಗೆ ಹೋಗಬಾರದಿತ್ತು, ಚೀಲ ಜಡಿಯಬಾರದಿತ್ತು, ಕಟ್ಟೆ ಒಡೆಯಲು ಕೇಳಿಕೊಂಡು ಬಂದದ್ದೇ ತಪ್ಪಾಯಿತು ಅಂತ ಏನೇನೋ ಬಾಯಿಗೆ ಬಂತು, ಅದರ ಜೊತೆ ಅಳುವೂ ಬಂತು. ಜಾಹೆದಾ ಅವಳ ಮಾತು ಮುಗಿಯಲು ಬಿಡಲಿಲ್ಲ.

"ಅಳಬ್ಯಾಡ ಅಕ್ಕಾ. ನೀ ಅತ್ರ ನಾ ನಿನ್ನ ಸಮಾಧಾನ ಮಾಡಬೇಕಾಗ್ತದ. ಅದು ನನ್ನ ಕೈಲೆ ಆಗಂಗಿಲ್ಲ."

ಗದ್ದೆಮ್ಮ ಸೆರಗಿನಿಂದ ಮುಖ ಒತ್ತಿಕೊಂಡಳು. ಹೊರಗೆ ಅಂಗಡಿಯಲ್ಲಿ ಚಿಕ್ಕಮ್ಮ ಯಾರಿಗೋ ಬಳೆ ಅಳತೆ ನೋಡುತ್ತಿದ್ದಳು.

"ಜಾಗ ನಮ್ಮವ್ವಂದು. ಬಿಡಂಗಿಲ್ಲ," ಅಂದಳು ಜಾಹೆದಾ. "ಅಲ್ಲಿ ಪಾಯ ಎತ್ತಿ ಮನಿ ಕಟ್ರಿ. ಓಣಿ ನೀರು ಎಷ್ಟು ಬಂದ್ರೂ ಹೊಸ್ತಿಲಾ ಮುಟ್ಟಬಾರದು, ಅಷ್ಟು ಎತ್ತರ. ಕಟ್ಟಿದ ಮ್ಯಾಲ ಬರ್ತೀನಿ."

"ಓಣ್ಯಾವ್ರು ಕಟ್ಟಬೇಕಾ?"

"ಪೈಪು ಹಾಕಿದವ್ರು ಅವರ ಅಲ್ಲೇನು?"

ಗದ್ದೆಮ್ಮ ಈ ಮಾತನ್ನು ಹಾಗೆಯೇ ತಂದು ಓಣಿಯ ಮುಂದೆ ಇಟ್ಟಳು. ಗೊಣಗಿದವರೇ ಹೆಚ್ಚು. ಒಬ್ಬಳಿಗಾಗಿ ಇಡೀ ಓಣಿ ತಿರುವು ಪೈಪಿನ ಕಾಟ ತಿನ್ನಬೇಕೇನು ಅಂದರು. ಕಚೇರಿಯವರು ಕಾಯುವವರಲ್ಲ. ಜಾಗ ಸಿಗಲಿಲ್ಲ ಅಂತ ತಿಳಿದ ಮೇಲೆ ಪೈಪನ್ನು ಪಕ್ಕಕ್ಕೆ ತಿರುಗಿಸಿ, ಅಲ್ಲೇ ಚೇಂಬರ್ ಕಟ್ಟಿ ಕೂಡಿಸಿ ಹೋದರು. ಇಂಜಿನಿಯರು ಹೇಳಿದ ಹಾಗೆ ಮೊದಲ ತಿಂಗಳಲ್ಲೇ ಅದು ಕಟ್ಟಿಕೊಂಡಿತು. ಬಿದಿರು ಸೀಳು ಹಾಕಿ ತಿವಿಯುವಾಗ ಜನ ಜಾಹೆದಾಳನ್ನೂ ಗದ್ದೆಮ್ಮನನ್ನೂ ಬೈದರು. ಸತ್ತವಳ ಹೆಸರು ಮಾತ್ರ ಯಾರೂ ಎತ್ತಲಿಲ್ಲ.

ಗದ್ದೆಮ್ಮ ಕೆಲಸದಿಂದ ಬಂದ ಮೇಲೆ ದಿನಾ ಒಂದಿಷ್ಟು ಮರಂ ಮಣ್ಣು ಹೊತ್ತು ತಗ್ಗಿನ ಜಾಗಕ್ಕೆ ಸುರಿಯತೊಡಗಿದಳು. ಮೊದಲು ಬಿದ್ದ ಗೋಡೆಯ ಮಣ್ಣು ತೆಗೆಯಬೇಕಿತ್ತು. ಅದನ್ನು ಬೇರೆಯವರ ಕೈಗೆ ಕೊಡಲಿಲ್ಲ. ಹಂಪಯ್ಯ ಮೂಲೆಗಲ್ಲು ಇಟ್ಟ. ಗುಲ್ಶನ್ ಬುಟ್ಟಿ ಹಿಡಿದು ಬಂದಳು, ಅವಳ ಹಿಂದೆ ಅಬ್ದುಲ್ ವಹೀದ್ ಬಂಡಿಯಲ್ಲಿ ಹಣ್ಣಿನ ಬದಲು ಕಲ್ಲು ಹೇರಿಕೊಂಡು ಬಂದ. ಒಂದು ಮುಂಜಾನೆ ಗದ್ದೆಮ್ಮ ಇಳಿದು ಹೋದಾಗ ಪಾಯದ ಪಕ್ಕದಲ್ಲಿ ಗುಡ್ಡದ ಕಲ್ಲುಗಳ ರಾಶಿ ಬಿದ್ದಿತ್ತು, ಮಾರೆಪ್ಪನ ಆಟೋ ತಿರುವು ದಾಟಿ ಹೋಗುತ್ತಿತ್ತು. ಆಮೇಲೂ ಅವನು ಹಾಗೆಯೇ ಕಲ್ಲು ತಂದು ಹಾಕಿದ. ಅವಳು ಅವನನ್ನು ಕರೆಯಲಿಲ್ಲ, ಅವನೂ ಇಳಿಯಲಿಲ್ಲ. ರಾಧಾ ರಜೆಯ ದಿನಗಳಲ್ಲಿ ಬಂದು ಮಣ್ಣು ತುಂಬಿಕೊಟ್ಟಳು. ಮೇಲಿನ ಓಣಿಯ ಉಳಿದ ಮನೆಗಳಿಂದ ಬಹಳ ಜನ ಬರಲೇ ಇಲ್ಲ.

ಗೋಡೆ ಇನ್ನೂ ಶುರುವಾಗಿರಲಿಲ್ಲ, ಪಾಯ ಮಾತ್ರ ಎದ್ದಿತ್ತು. ಒಂದು ದಿನ ಜಾಹೆದಾ ಹೇಳದೆ ಬಂದಳು. ಚಪ್ಪಲಿ ಕಳಚಿ ಪಾಯದ ಮೇಲೆ ಹತ್ತಿ, ಅವ್ವನ ಮಂಚ ಇದ್ದ ಮೂಲೆಯಲ್ಲಿ ನಿಂತಳು. ಅಲ್ಲಿಂದ ಓಣಿಯನ್ನು ಮೇಲಿನ ತುದಿಯವರೆಗೆ ನೋಡಿದಳು. ಗದ್ದೆಮ್ಮ ಕೆಳಗೆ, ಬುಟ್ಟಿ ಸೊಂಟಕ್ಕೆ ಆನಿಸಿಕೊಂಡು, ಅವಳು ಏನಾದರೂ ಅನ್ನಲಿ ಅಂತ ಕಾದಳು.

"ಇನ್ನ ಒಂದು ಕಲ್ಲಿನ ವರಸಿ ಏರಸ್ರಿ," ಅಂದಳು ಜಾಹೆದಾ.

ಕೆಳಗಿಳಿದು ಚಪ್ಪಲಿ ಮೆಟ್ಟಿಕೊಂಡು, ಪೋತ್ನಾಳದ ಬಸ್ಸಿಗೆ ಹೊತ್ತಾಯಿತು ಅಂತ ಹೋದಳು. ಗದ್ದೆಮ್ಮ ಹಂಪಯ್ಯನಿಗೆ ಹೊಸ ಸಾಲಿಗೆ ದಾರ ಕಟ್ಟಲು ಹೇಳಿ, ಕಲ್ಲಿನ ರಾಶಿಯ ಕಡೆಗೆ ನಡೆದಳು.